ಹನ್ನೊಂದನೇ ಮೊಳೆ

"ಇನ್ನೊಂದು ಕೊಡೇ," ಎನ್ನುತ್ತ ರಾಮಿರೋ ಮಾಮ ಕಾರಿನ ಬಾನೆಟ್ ಕೆಳಗಿನಿಂದಲೇ ಕೈ ಹಿಂದಕ್ಕೆ ಚಾಚಿದ. ತಲೆ ಎತ್ತಲಿಲ್ಲ.

ನೊಯೇಮಿ ಡಬ್ಬಿ ಅಲ್ಲಾಡಿಸಿದಳು. "ಹತ್ತೇ ಇದ್ದಿದ್ದು ಮಾಮ. ಖಾಲಿ."

ಅವು ಗಾಲ್ಫ್ ಚೆಂಡನ್ನು ಹುಲ್ಲಿನ ಮೇಲೆ ನಿಲ್ಲಿಸುವ ಮರದ ಮೊಳೆಗಳು. ಅಮ್ಮ ಕೆಲಸ ಮಾಡುವ ಕ್ಲಬ್ಬಿನ ಮೈದಾನದಲ್ಲಿ ಬಿದ್ದಿರುತ್ತವೆ. ಕಾರು ಜೋರಾಗಿ ಓಡಲೆಂದು ಇಂಜಿನ್ನಿನಿಂದ ಹೊಗೆ ತಡೆಯುವ ಸಾಮಾನು ಕಿತ್ತ ಮೇಲೆ ಕೆಲವು ರಬ್ಬರ್ ಕೊಳವೆಗಳು ಬಾಯಿ ತೆರೆದುಕೊಂಡು ಉಳಿಯುತ್ತವಲ್ಲ, ಅವಕ್ಕೆ ಈ ಮೊಳೆಯೇ ಬಿರಡೆ. ಫ್ರೆಸ್ನೊ ಊರಿನ ಎಷ್ಟೋ ಹಳೇ ಕಾರುಗಳು ಓಡುವುದು ಹೀಗೆಯೇ. ಅವುಗಳ ಒಡೆಯರಲ್ಲಿ ಒಬ್ಬನೂ ಗಾಲ್ಫ್ ಆಡಿದವನಲ್ಲ.

ಎರಡು ವರ್ಷಕ್ಕೊಮ್ಮೆ ಕಾರಿಗೆ ಹೊಗೆ ಪರೀಕ್ಷೆ. ಅದು ಬಂತೆಂದರೆ ಕಿತ್ತ ಸಾಮಾನು ತುಂಬಿಟ್ಟ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ ಗ್ಯಾರೇಜಿನ ಅಟ್ಟದಿಂದ ಇಳಿಯುತ್ತಿತ್ತು. ಹೊಗೆ ತಡೆಯುವ ಪಂಪು, ಅದರ ಕೊಳವೆ, ಬೋಲ್ಟು ಎಲ್ಲವೂ ಇಂಜಿನ್ನಿಗೆ ಹತ್ತುತ್ತಿದ್ದವು. ಕಾರು ಬಲು ಸಭ್ಯಸ್ಥನಂತೆ ಹೋಗಿ ಪಾಸಾಗಿ ಬರುತ್ತಿತ್ತು. ಎರಡೇ ದಿನಕ್ಕೆ ಎಲ್ಲ ಮತ್ತೆ ಪೆಟ್ಟಿಗೆಗೆ, ಮದುವೆಗೆ ಎರವಲು ತಂದ ಒಡವೆಯ ಹಾಗೆ.

"ಸರ್ಕಾರದ ಕಸ," ಎಂದು ಮಾಮ ಪಂಪನ್ನು ಪೆಟ್ಟಿಗೆಗೆ ಎಸೆದು ಕಾರಿನ ಮೈ ತಟ್ಟಿದ. "ಇವಳು ಎಪ್ಪತ್ತೇಳರಲ್ಲಿ ಹುಟ್ಟಿದ್ದೇ ತಪ್ಪು. ಎರಡು ವರ್ಷ ಮೊದಲು ಹುಟ್ಟಿದ್ರೆ ಯಾವನೂ ಹೊಗೆ ಪರೀಕ್ಷೆ ಕೇಳ್ತಿರ್ಲಿಲ್ಲ. ಈಗ ನೋಡು, ಹೆಂಗೆ ಉಸಿರಾಡ್ತಾಳೆ."

ಅವಳು ಉಸಿರಾಡಿದ್ದು ಬೀದಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯವರು ಒಣಗಲು ಹಾಕಿದ್ದ ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಹೋದರು.

"ಇಷ್ಟೆಲ್ಲ ಮಾಡಿ ಹೋಗೋದು ಎಲ್ಲಿಗೋ? ಅದೇ ತೋರ್ತಿಯಾ ರೊಟ್ಟಿ ಅಂಗಡಿಗೆ," ಎಂದಳು ಅಮ್ಮ ಅಡುಗೆಮನೆಯ ಕಿಟಕಿಯಿಂದ.

ಮಾಮನಿಗೆ ಅದು ಕೇಳಿಸಲಿಲ್ಲ. ಮುಚ್ಚದೆ ಉಳಿದ ಹನ್ನೊಂದನೇ ಕೊಳವೆ ಸುಯ್ ಸುಯ್ ಎನ್ನುತ್ತಿತ್ತು. ನಾಳೆ ಅಮ್ಮನಿಂದ ಮೊಳೆ ತರಿಸಿ ಕೊಡುವುದಾಗಿ ನೊಯೇಮಿ ಒಪ್ಪಿಕೊಂಡಳು. ಕಿತ್ತ ಬೋಲ್ಟುಗಳಿಗೆ ಚೀಟಿ ಅಂಟಿಸಿ ಡಬ್ಬಿಯಲ್ಲಿಡುವವಳೂ ಅವಳೇ. ಐದನೇ ಕ್ಲಾಸಿನಲ್ಲಿ ಇಂಥ ಕೆಲಸ ಗೊತ್ತಿರುವವಳು ತಾನೊಬ್ಬಳೇ ಎಂದು ಅವಳಿಗೆ ಜಂಬ.

ಮರುದಿನ ಶುಕ್ರವಾರ, ಶಾಲೆಯಲ್ಲಿ ರಿಲೇ ಓಟ. ಬಿ ಸೆಕ್ಷನ್ ಎರಡು ವರ್ಷದಿಂದ ಗೆಲ್ಲುತ್ತಿತ್ತು. ಈ ಸಲ ನೊಯೇಮಿಯ ಟೀಮಿನಲ್ಲಿ ದಲೀಲಾ ಇದ್ದಳು. ದಲೀಲಾಳ ಕಾಲು ಚುರುಕು, ನಾಲಿಗೆ ಅದಕ್ಕಿಂತ ಚುರುಕು.

"ನಿಮ್ಮ ಮಾಮ ಬಿಟ್ಟು ಹೋದ್ರಾ? ಮೊದಲು ವಾಸನೆ ಬಂತು, ಆಮೇಲೆ ಸದ್ದು, ಕೊನೆಗೆ ಕಾರು," ಎಂದಳು ಗೇಟಿನ ಹತ್ತಿರ, ಮೂಗು ಹಿಡಿದುಕೊಂಡು.

ಮಾಮ ಹೇಳುವ ಮಾತನ್ನೇ ನೊಯೇಮಿ ಹೇಳಿದಳು. ಊರಿರುವ ಇಡೀ ಕಣಿವೆಯೇ ಹೊಗೆ ಕಾರುತ್ತಿದೆ, ಲಾರಿಗಳಿವೆ, ಬಾದಾಮಿ ಕೊಯ್ಲಿನ ಧೂಳಿದೆ, ಒಂದು ಕಾರಿನಿಂದ ಏನು ಮಹಾ ಆಗುತ್ತದೆ?

ಆ ವಾರ ಬಾವುಟದ ಡ್ಯೂಟಿ ಅವಳದು. ಗಾಳಿ ಎಷ್ಟು ಕೆಟ್ಟಿದೆ ಎಂದು ಆಫೀಸಿನವರು ನೋಡಿ ಚೀಟಿ ಕೊಡುತ್ತಾರೆ. ಚೀಟಿಯಲ್ಲಿದ್ದ ಬಣ್ಣದ ಬಾವುಟ ಏರಿಸಬೇಕು. ಟೀಚರ್‌ಗಳು ಬಾವುಟ ನೋಡಿಯೇ ಮಕ್ಕಳನ್ನು ಆಟಕ್ಕೆ ಬಿಡುವುದು. ಹಳದಿಯಾದರೆ ಎಲ್ಲರೂ ಓಡಬಹುದು. ಕಿತ್ತಳೆಯಾದರೆ ದಲೀಲಾಳಂತೆ ಇನ್‌ಹೇಲರ್ ಇಟ್ಟುಕೊಂಡವರು ಹೊರಗೆ ಓಡುವಂತಿಲ್ಲ.

ಚೀಟಿಯಲ್ಲಿ ಕಿತ್ತಳೆ ಎಂದಿತ್ತು.

ನೊಯೇಮಿ ಕಂಬದ ಕೆಳಗೆ ನಿಂತು ಚೀಟಿಯನ್ನು ಎರಡು ಸಲ ಓದಿದಳು. ಬಿ ಸೆಕ್ಷನ್ನಿನವರು ಆಗಲೇ ಗೆದ್ದವರಂತೆ ಕುಣಿಯುತ್ತಿದ್ದರು. ಆಫೀಸಿನವರಿಗೆ ಏನು ಗೊತ್ತು? ಕಂಪ್ಯೂಟರ್ ನೋಡಿ ಬರೆಯುತ್ತಾರೆ, ಅಷ್ಟೆ. ಓಟ ಮುಗಿಯುವವರೆಗೆ ಹಳದಿ ಇರಲಿ, ಆಮೇಲೆ ಬದಲಾಯಿಸಿದರಾಯಿತು. ಪಂಪು ಹಾಕಿ ತೆಗೆಯುವ ಹಾಗೆ. ಯಾರಿಗೆ ತಿಳಿಯುತ್ತೆ?

ಹಳದಿ ಬಾವುಟ ಏರಿತು.

"ಹಳದಿನಾ?" ಎಂದಳು ದಲೀಲಾ. "ಬೆಳಿಗ್ಗೆಯಿಂದ ಗಂಟಲು ಉರೀತಿದೆ, ನಾನು ಕಿತ್ತಳೆ ಅಂದ್ಕೊಂಡಿದ್ದೆ. ಹೋಗ್ಲಿ ಬಿಡು, ಬಾವುಟ ಸುಳ್ಳು ಹೇಳುತ್ತಾ?"

ನೊಯೇಮಿ ಶೂ ಲೇಸು ಕಟ್ಟಲು ಬಗ್ಗಿದಳು. ಅದು ಬಿಚ್ಚಿರಲಿಲ್ಲ.

ಕೊನೆಯ ಸುತ್ತಿನಲ್ಲಿ ಬಿ ಸೆಕ್ಷನ್ನಿನ ಹುಡುಗಿಯನ್ನು ಹಿಂದೆ ಹಾಕಿ ದಲೀಲಾ ಗೆದ್ದೇಬಿಟ್ಟಳು. ಎಲ್ಲರೂ ಕೂಗುತ್ತ ಅವಳತ್ತ ನುಗ್ಗಿದರು. ಅವಳು ನಿಲ್ಲದೆ ಬೇಲಿಯವರೆಗೂ ಹೋಗಿ ತಂತಿ ಹಿಡಿದುಕೊಂಡು ಕುಸಿದಳು. ಭುಜಗಳು ಕಿವಿಯ ತನಕ ಏರಿ ಇಳಿಯುತ್ತಿದ್ದವು. ಅವಳ ಎದೆಯಿಂದ ಸಣ್ಣ ಸದ್ದು ಬರುತ್ತಿತ್ತು. ಸುಯ್. ಸುಯ್.

ನೊಯೇಮಿಗೆ ಆ ಸದ್ದು ಗೊತ್ತಿತ್ತು.

ಇನ್‌ಹೇಲರ್ ಕ್ಲಾಸಿನಲ್ಲಿ, ಬ್ಯಾಗಿನಲ್ಲಿತ್ತು. ರಿಲೇಯಲ್ಲೂ ಓಡದಷ್ಟು ಜೋರಾಗಿ ನೊಯೇಮಿ ಓಡಿದಳು. ತಂದುಕೊಟ್ಟ ಮೇಲೂ ದಲೀಲಾ ಸರಿಯಾಗಲು ಬಹಳ ಹೊತ್ತು ಬೇಕಾಯಿತು. ಅವಳ ಅಜ್ಜಿ ಬಂದು ಮನೆಗೆ ಕರೆದೊಯ್ದರು.

ಟೀಚರ್ ಒಮ್ಮೆ ಬಾವುಟದ ಕಡೆ ನೋಡಿದರು. ಹಳದಿಯೇ ಇದೆಯಲ್ಲ, ಆದರೂ ಹೀಗೇಕಾಯಿತು ಎಂದುಕೊಂಡರು. ನೊಯೇಮಿಯನ್ನು ಯಾರೂ ಏನೂ ಕೇಳಲಿಲ್ಲ. ಇನ್‌ಹೇಲರ್ ಬೇಗ ತಂದಳೆಂದು ನರ್ಸ್ ಮೇಡಂ ಬೆನ್ನು ತಟ್ಟಿದರು. ತಟ್ಟಿದ ಜಾಗ ಸಂಜೆಯವರೆಗೂ ಚುರುಗುಟ್ಟುತ್ತಿತ್ತು.

ಸಂಜೆ ಅಮ್ಮ ಏಪ್ರನ್ ಜೇಬು ಕೊಡವಿದಾಗ ಮೇಜಿನ ಮೇಲೆ ಮೂರು ಮೊಳೆ ಉರುಳಿದವು. ನೊಯೇಮಿ ಅವನ್ನು ಹಿಡಿದು ಗ್ಯಾರೇಜಿಗೆ ಹೋದಳು.

ಗ್ಯಾರೇಜಿನಲ್ಲಿ ಇಂಜಿನ್ ಓಡುತ್ತಿತ್ತು. ಮಾಮ ಒಳಗೆ ಬಗ್ಗಿ ಹನ್ನೊಂದನೇ ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದಿದ್ದ. ಇನ್ನೊಂದು ಕೈ ಹಿಂದಕ್ಕೆ ಬಂತು, ಅಂಗೈ ತೆರೆದು.

"ಕೊಡೇ, ನನ್ನ ಅಸಿಸ್ಟೆಂಟು."

ನೊಯೇಮಿ ಮೊಳೆಗಳನ್ನು ಜೇಬಿಗಿಳಿಸಿದಳು. ಡಬ್ಬಿಯಿಂದ 'ಪಂಪು, ಒಂದು' ಎಂದು ತಾನೇ ಚೀಟಿ ಅಂಟಿಸಿದ್ದ ಬೋಲ್ಟನ್ನು ಆರಿಸಿ ಆ ಅಂಗೈಯಲ್ಲಿಟ್ಟಳು.

ಮಾಮನ ಬೆರಳುಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದವು.

"ಇದು ಮೊಳೆ ಅಲ್ಲ ಕಣೇ."

"ಗೊತ್ತು ಮಾಮ."

ಮಾಮ ತಲೆ ಹೊರಗೆ ತೆಗೆದ. ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿದ. ಕಾರಿನ ಕಿಟಕಿಯೊಳಗೆ ಕೈ ಚಾಚಿ ಇಂಜಿನ್ ಆಫ್ ಮಾಡಿದ.

ಗ್ಯಾರೇಜು ನಿಶ್ಶಬ್ದವಾಯಿತು. ನೊಯೇಮಿಗೆ ಮಾತ್ರ ಸುಯ್ ಎನ್ನುವುದು ಕೇಳುತ್ತಲೇ ಇತ್ತು. ಅವಳು ಡಬ್ಬಿಯಲ್ಲಿ ಎರಡನೇ ಬೋಲ್ಟು ಹುಡುಕತೊಡಗಿದಳು.