ಅಂಚು ದಾಟಿದರೆ ತಲೆಕೆಳಗು

ಶಾಂತರಾಜುವಿನ ಬಲಗೈ ರಿಪೇರಿ ಮೇಜಿಗೆ ಬಿಗಿದ, ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಬಾಯೊಳಗಿತ್ತು.

ಹಿಡಿ ತಿರುಗಿಸುತ್ತಿದ್ದವನು ದೊಡ್ಡಬೀರಯ್ಯ. ಗುಂಡ್ಲುಪೇಟೆಯ ಮರದ ಲಾರಿಗಳೆಲ್ಲ ಅವನ ಕೈಕೆಳಗೆ. ಇನ್ನೊಂದು ಸುತ್ತು ತಿರುಗಿದರೆ ಬೆರಳು ಪುಡಿ.

"ಬನ್ನಿ ಯಜಮಾನ್ರೇ," ಅಂದ. "ನಿಮ್ ತಂಗಿ ಮಗ ನಂಗೆ ಮೋಸ ಮಾಡವ್ನೆ."

ಜಗಳ ಬಿಡಿಸುವುದೇ ನನ್ನ ಕಸುಬು ಸ್ವಾಮಿ. ಚಾಮರಾಜನಗರದಲ್ಲಿದ್ದೆ. ಸುದ್ದಿ ಬಂತು. ಸಿಕ್ಕ ಟೆಂಪೋ ಹತ್ತಿ ಬಂದಿದ್ದೆ.

ತೊಂಬತ್ತನಾಲ್ಕನೇ ಇಸವಿ. ಬಸ್ ಸ್ಟ್ಯಾಂಡ್ ಹಿಂದೆ ಶಾಂತರಾಜುವಿನ ವಿಡಿಯೋ ಗೇಮ್ ಅಂಗಡಿ. ಎಲ್ಲರಿಗೂ ಗೊತ್ತಿದ್ದ ಹಳೇ ಆಟ... ಓಣಿಗಳು, ಒಬ್ಬ ಪುಟ್ಟ ಮನುಷ್ಯ, ಅಟ್ಟಿಸಿಕೊಂಡು ಬರುವ ನಾಲ್ಕು ನಾಯಿ. ಓಣಿಗಳಲ್ಲಿ ಬಿದ್ದಿರುವ ಕಾಳೆಲ್ಲ ಆರಿಸಿದರೆ ಗೆದ್ದ ಹಾಗೆ. ಬಲಗಡೆ ಅಂಚಿನಿಂದ ಹೊರಬಿದ್ದವನು ಎಡಗಡೆಯಿಂದ ಒಳಬರಬೇಕು.

ನಮ್ಮ ಶಾಂತರಾಜು ಮಹಾಶಯ ಮೆಷಿನ್ನಿನ ಚಿಪ್ ತಿದ್ದಿದ್ದ.

ಈಗ ಮೇಲಿನ ಓಣಿಯಲ್ಲಿ ಹೋದವನು ಕೆಳಗಿನ ಓಣಿಯಲ್ಲಿ ಬರುತ್ತಿದ್ದ. ತಲೆಕೆಳಗಾಗಿ. ಹ್ಯಾಂಡಲ್ ಮೇಲೆತ್ತಿದರೆ ಮನುಷ್ಯ ಕೆಳಕ್ಕೆ!

ದೊಡ್ಡಬೀರಯ್ಯ ತನ್ನ ಡ್ರೈವರುಗಳ ಎದುರೇ ಹದಿನಾಲ್ಕು ಸಲ ಸತ್ತಿದ್ದ. ಅವರು ನಕ್ಕಿದ್ದರು.

"ಮೋಸ ಅಲ್ಲ ಕಣಣ್ಣ," ಶಾಂತರಾಜು ನರಳಿದ. "ಗೆಲ್ಬೋದು. ಲೋಕದ ಆಕಾರ ಬದಲಾಯ್ಸಿವ್ನಿ, ಅಷ್ಟೇಯ."

"ನಿನ್ ಕೈದೂ ಬದಲಾಯ್ಸ್ತೀನಿ, ತಡ್ಕೊ."

"ಬೀರಯ್ಯ," ಅಂದೆ ನಾನು. "ಇನ್ನೊಂದಾಟ ಆಡು. ನಾನು ಹೇಳ್ಕೊಡ್ತೀನಿ."

"ಯಾವತ್ತಾದ್ರೂ ಗೇಮ್ ಆಡಿದ್ದೀರಾ?"

"ಇಲ್ಲ. ಮಿಲ್ ಬೆಲ್ಟ್ ಹೊಲ್ದಿವ್ನಿ."

ಭೀಮನಬೀಡಿನ ಹಿಟ್ಟಿನ ಮಿಲ್ಲಿನಲ್ಲಿ ಹನ್ನೊಂದು ವರ್ಷ ಇದ್ದೆ. ಬೆಲ್ಟಿಗೆ ಒಂದೇ ಒಂದು ತಿರುವು ಕೊಟ್ಟು ತುದಿ ಸೇರಿಸುತ್ತಿದ್ದೆವು, ಎರಡು ಮೈಯೂ ಸಮನಾಗಿ ಸವೆಯಲಿ ಅಂತ. ಒಂದು ಸುತ್ತು ಬಂದರೆ ಮೇಲಿನ ಅಂಚು ಕೆಳಗೆ. ಇನ್ನೊಂದು ಸುತ್ತು ಬಂದರೆ ಮತ್ತೆ ಮೇಲೆ.

ಸೊಂಟದ ಬೆಲ್ಟ್ ಬಿಚ್ಚಿದೆ. ತಿರುವಿ, ತುದಿ ಸೇರಿಸಿ, ಅಂಚಿನ ಮೇಲೆ ಬೆರಳಾಡಿಸಿ ತೋರಿಸಿದೆ.

"ಒಂದ್ಸಲ ದಾಟಿದ್ರೆ ಹ್ಯಾಂಡಲ್ ಉಲ್ಟಾ. ಇನ್ನೊಂದ್ಸಲ ದಾಟಿದ್ರೆ ಸರಿ. ಎಣಿಸ್ಕೊಂಡು ಹೋಗು."

"ಸತ್ರೆ?"

ನನ್ನ ಎಡಗೈಯನ್ನೂ ವೈಸಿನೊಳಗೆ ಇಟ್ಟೆ. ಇನ್ನೇನಿತ್ತು ನನ್ನ ಹತ್ತಿರ?

ಅವನ ಆಳು ಬಸವಯ್ಯ ಹಿಡಿ ಹಿಡಿದು ನಿಂತ. ಆಟ ಶುರುವಾಯಿತು.

"ಉಲ್ಟಾ... ಸರಿ... ಉಲ್ಟಾ..." ಅಂತ ನಾನು ಎಣಿಸುತ್ತಾ ಹೋದೆ.

ಏಳನೇ ಸಲಕ್ಕೆ ನನ್ನ ಲೆಕ್ಕ ತಪ್ಪಿತು. ಹಿಂದೆಯೇ ನಾಯಿ. ಬಸವಯ್ಯನ ರಟ್ಟೆ ಬಿಗಿಯಿತು.

ದೊಡ್ಡಬೀರಯ್ಯ ತಾನೇ ಗೊಣಗಿದ. "ಉಲ್ಟಾ."

ಕೊನೆಯ ಕಾಳು. ಮೆಷಿನ್ ಕುಯ್ಯೋ ಅಂತ ಹಾಡಿತು.

ವೈಸ್ ಸಡಿಲವಾಯಿತು. ಶಾಂತರಾಜುವಿನ ಬೆರಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ದೊಡ್ಡಬೀರಯ್ಯ ಬೆವರು ಒರೆಸಿಕೊಂಡು ನಕ್ಕ.

"ನಡಿಲಾ, ಹೋಗನ," ಅಂತ ಎಳೆದೆ.

ಶಾಂತರಾಜುವಿನ ಕಣ್ಣು ಪರದೆಯ ಮೇಲಿತ್ತು. "ಬೀರಯ್ಯಣ್ಣ... ಇದು ಒಂದ್ನೇ ಲೆವೆಲ್ಲು. ಮುಂದಿಂದ್ರಲ್ಲಿ ಒಳಗೂ ಹೊರಗೂ ಒಂದೇ ಮಾಡಿವ್ನಿ. ಅದ್ಕೆ ಬೆಲ್ಟ್ ಸಾಲಕಿಲ್ಲ."

ನಗು ನಿಂತಿತು. ದೊಡ್ಡಬೀರಯ್ಯ ಮತ್ತೆ ಸ್ಟೂಲ್ ಎಳೆದುಕೊಂಡ. ಬಸವಯ್ಯ ಬಾಗಿಲಿಗೆ ಅಡ್ಡ ನಿಂತ.

"ಬಾಯಿ ಮುಚ್ಚಕ್ಕೇನಾಗಿತ್ತಲಾ ನಿಂಗೆ?" ಅಂದೆ.

"ಇರು ಮಾವ. ಇಲ್ಲೀಗಂಟ ಯಾರೂ ಎರಡ್ನೇ ಲೆವೆಲ್ಲಿಗೆ ಬಂದೇ ಇರ್ನಿಲ್ಲ."

ಕೈ ಹೋದರೂ ಪರವಾಗಿಲ್ಲವಂತೆ ಸ್ವಾಮಿ... ಒಬ್ಬನಾದರೂ ಅದನ್ನು ಆಡುವುದನ್ನು ನೋಡಬೇಕಂತೆ.