ಮೂಗಪ್ಪನ ಸೂಟಿ

ಹಿತ್ತಲ ಬಚ್ಚಲುಗಾಲುವೆಯ ಅಂಚು ಹಿಡಿದು ಒಂದು ಕಂದು ಇಲಿ ಬಂತು. ಕೋಳಿಗೂಡು ಇನ್ನು ನಾಲ್ಕು ಮೊಳ ದೂರ. ಕಾವು ಕೂತ ಹೇಂಟೆಯ ಬಿಸಿ, ಮೊಟ್ಟೆಯ ವಾಸನೆ, ಕೆಳಗೆ ಉದುರಿದ ಜೋಳದ ನುಚ್ಚು, ಎಲ್ಲವೂ ಅದರ ಮೂಗಿಗೆ ಬಡಿದಿರಬೇಕು. ಮೀಸೆ ಕುಣಿಸಿತು, ಇನ್ನೊಂದು ಹೆಜ್ಜೆ ಇಟ್ಟಿತು, ಅಲ್ಲೇ ಕಲ್ಲಾಯಿತು. ಮರುಗಳಿಗೆ ಬಂದ ದಾರಿಯಲ್ಲೇ ತಿರುಗಿ ಓಡಿತು. ಅದನ್ನು ಯಾರೂ ಗದರಿರಲಿಲ್ಲ. ಹಿತ್ತಲಲ್ಲಿ ಸದ್ದೇ ಇರಲಿಲ್ಲ. ಮನುಷ್ಯರ ಕಿವಿಗೆ ಕೇಳುವಂಥದ್ದಂತೂ ಇರಲಿಲ್ಲ.

ಕೂಗಿದ್ದು ಗೂಡಿನ ಪಕ್ಕದ ಗೂಟದ ಮೇಲಿದ್ದ ಪುಟ್ಟ ಮಣ್ಣಿನ ಕುಡಿಕೆ. ಬೆಕ್ಕನ್ನೋ ಹಾವನ್ನೋ ಕಂಡ ಇಲಿ ತನ್ನವರನ್ನು ಎಚ್ಚರಿಸಲು ಒಂದು ದನಿ ಹೊರಡಿಸುತ್ತದೆ. ಸೆಕೆಂಡಿಗೆ ಇಪ್ಪತ್ತೆರಡು ಸಾವಿರ ಕಂಪನಗಳ ಆ ದನಿ ನಮ್ಮ ಕಿವಿಗೆ ಎಟುಕುವುದಿಲ್ಲ, ಕೋಳಿಗಂತೂ ಅದರ ಸುಳಿವೇ ಹತ್ತುವುದಿಲ್ಲ. ಡಾಕ್ಟರ್ ಅನ್ವಿತಾ ಕಟಗೇರಿ ಹನ್ನೆರಡು ವರ್ಷ ಕೂತು ಆ ಕೂಗನ್ನು ತಾವು ಕಲಿತು, ಕುಡಿಕೆಗೂ ಕಲಿಸಿದ್ದರು. ಇಲಿಯ ಹೆಜ್ಜೆ ಸುಳಿದರೆ ಸಾಕು, ಕುಡಿಕೆ ಇಲಿಯ ಮಾತಲ್ಲೇ ‘ಇಲ್ಲಿ ಸಾವಿದೆ, ಬರಬೇಡ’ ಎನ್ನುತ್ತಿತ್ತು. ವಿಷ ಬೇಡ, ಬೋನು ಬೇಡ. ವಿಷದ ಇಲಿ ತಿಂದು ಬೆಕ್ಕು ಸಾಯುವುದೂ ಇಲ್ಲ. ಕಾಗದಪತ್ರಗಳಲ್ಲಿ ಅದರ ಹೆಸರು ‘ಎಚ್ಚರಿಕೆ ಕುಡಿಕೆ’. ಗುಳೇದಗುಡ್ಡದ ನೇಕಾರರ ಓಣಿಯವರಿಗೆ ಅದರ ದನಿ ಒಮ್ಮೆಯೂ ಕೇಳಿರಲಿಲ್ಲವಲ್ಲ, ಅವರು ಅದನ್ನು ಮೂಗಪ್ಪ ಎಂದರು.

ಇದು 2063ರ ಮಾತು. ಹಕ್ಕಿಜ್ವರ ಮೂರು ಸಲ ಅಪ್ಪಳಿಸಿ ದೊಡ್ಡ ದೊಡ್ಡ ಕೋಳಿ ಫಾರಂಗಳು ಮುಚ್ಚಿದ್ದವು. ಕೋಳಿ ಮತ್ತೆ ಜನರ ಹಿತ್ತಲಿಗೆ ಬಂದಿತ್ತು, ಅದರ ಬೆನ್ನಿಗೇ ಇಲಿಯೂ ಬಂದಿತ್ತು. ಹೀಗಾಗಿ ಮೂಗಪ್ಪ ನಾಲ್ಕು ನೂರು ಊರು ಸೇರಿದ. ಮೊದಲ ಆರು ತಿಂಗಳು ಎಲ್ಲ ಕಡೆಯಿಂದ ಹೊಗಳಿಕೆ. ಆಮೇಲೆ ಇಲಿಗಳು ಮೆಲ್ಲಗೆ ಮರಳಿದವು. ಒಂದು ದಿನ ದೂರದ ಊರಿನಿಂದ ಬಂದ ಚಿತ್ರ ನೋಡಿ ಅನ್ವಿತಾ ಊಟ ಬಿಟ್ಟು ಎದ್ದರು. ಕೂಗುತ್ತಿದ್ದ ಕುಡಿಕೆಯ ಬೆಚ್ಚನೆಯ ಬೆನ್ನಿಗೆ ಒರಗಿ ಒಂದು ಇಲಿ ಮರಿ ಹಾಕಿತ್ತು.

ಒಂದೂವರೆ ವರ್ಷ ಕಳೆದರೂ ಇಲಿ ಮರಳದೆ ಇದ್ದದ್ದು ಈ ನೇಕಾರರ ಓಣಿಗೆ ಮಾತ್ರ. ಯಾಕೆಂದು ತಿಳಿಯದಿದ್ದರೆ ಎಲ್ಲ ಕುಡಿಕೆಗಳನ್ನೂ ವಾಪಸು ತರಿಸಬೇಕಾಗಿತ್ತು. ಗಣೇಶ ಚೌತಿಯ ಮರುದಿನ ಅನ್ವಿತಾ ಸಂಕವ್ವನ ಹಿತ್ತಲಿಗೆ ಬಂದು ನಿಂತರು.

ಎಪ್ಪತ್ತು ದಾಟಿದ ಸಂಕವ್ವ ಕುಪ್ಪಸದ ಖಣ ನೇಯುವ ಮನೆಯಾಕೆ. ಅವಳ ಬೂದುಬಣ್ಣದ ಹೇಂಟೆ ಒಂಬತ್ತು ದಿನದ ಹನ್ನೊಂದು ಮರಿ ಕಟ್ಟಿಕೊಂಡು ಕೆದರುತ್ತಿತ್ತು. ಅತ್ತೆಯ ಕಾಲದಿಂದ ಬಂದ ಜವಾರಿ ತಳಿ. ಮೂಗಪ್ಪ ಬರುವ ಮೊದಲು ಮೂರು ಕಾವಿನ ಮರಿಗಳು ಇಲಿಯ ಪಾಲಾಗಿದ್ದವು. ಹೇಂಟೆಗೆ ವಯಸ್ಸಾಗಿತ್ತು, ಇನ್ನೊಮ್ಮೆ ಕಾವು ಕೂರುವುದು ಸುಳ್ಳು. ಈ ಹನ್ನೊಂದು ಹೋದರೆ ತಳಿಯೇ ಹೋದಂತೆ.

ಅನ್ವಿತಾ ಕುಡಿಕೆಯ ಕಡೆ ನೋಡಿದರು. ಹಸಿರು ದೀಪ ಆರಿತ್ತು.

“ಆಯಿ, ಇದನ್ಯಾಕ ಬಂದ್ ಮಾಡೀರಿ?”

“ಇವತ್ತ ಅವಂಗ ಸೂಟಿರಿ ಬಾಯಾರ.”

“ಮಿಷನ್ನಿಗೆ ಎಂಥಾ ರಜಾ?”

“ಇಲಿವಾರ ಐತಲ್ರಿ. ಊಟಕ್ಕ ಬಾ ಅಂತ ಕರದು, ಬಾಗಲಾಗ ಒಬ್ಬಾವನ್ನ ಬೈಯಾಕ ನಿಂದ್ರಸಿದ್ರ ಚಂದೇನ್ರಿ?”

ಅಂದು ಆ ಓಣಿಯಲ್ಲಿ ಮಗ್ಗ ಮುಟ್ಟುವುದಿಲ್ಲ, ಕತ್ತರಿ ಹಿಡಿಯುವುದಿಲ್ಲ. ವರ್ಷವಿಡೀ ಖಣ ಕಡಿಯಬೇಡಪ್ಪ ಎಂದು ಇಲಿಗೆ ಎಡೆ ಇಡುತ್ತಾರೆ. ಕೆಲವರ ಮನೆಯಲ್ಲಿ ಬರೀ ಕಡುಬು. ಸಂಕವ್ವನ ಮನೆಯಲ್ಲಿ ಕಡುಬಿನ ಜೊತೆ ಕೋಳಿ ಸಾರು.

ಪಕ್ಕದ ಮನೆಯ ದಾವಲಸಾಬ ಗೋಡೆಯ ಮೇಲಿಂದ ಇಣುಕಿದ. “ವರ್ಷಪೂರ್ತಿ ಕೋಳಿ ಮುಟ್ಟಬ್ಯಾಡ ಅಂತಾಳ್ರಿ. ಇವತ್ತ ತಾನ ಕುದಿಸಿ ಉಣಸ್ತಾಳ. ನಮ್ಮ ಓಣ್ಯಾಗ ಇಲಿಗೋಳಿಗೂ ತಲಿ ಕೆಟ್ಟೈತಿ.”

“ನೀ ಸುಮ್ನಿರೋ ದಾವಲಾ. ಎಡಿಯಾಗ ನಿನ್ನ ಮನಿ ರೊಟ್ಟಿನೂ ಐತಿ, ಅದನ್ಯಾಕ ಹೇಳವೊಲ್ಲಿ?”

ಅನ್ವಿತಾಗೆ ನಗಲು ಆಗಲಿಲ್ಲ. “ಆಯಿ, ಹನ್ನೊಂದು ಮರಿ ಅದಾವ.”

“ಹೋದ ವರ್ಷ ಈ ದಾವಲನ ಮನ್ಯಾಗ ಒಂದ ಹೋತರಿ. ಆಗ ಬುಟ್ಟಿ ಮುಚ್ಚಿದ್ದಿಲ್ಲ.” ಸಂಕವ್ವ ಹೇಂಟೆಯನ್ನೂ ಮರಿಗಳನ್ನೂ ಬಿದಿರ ಬುಟ್ಟಿಯಡಿ ಸೇರಿಸಿ ಮೇಲೊಂದು ಕಲ್ಲು ಹೇರಿದಳು. “ಈ ಸಲ ನಾನೂ ಇಲ್ಲೇ ಕುಂದರತೀನಿ. ನೀವೂ ಕುಂದರ್ರಿ.”

ದೀಪ ಹಚ್ಚುವ ಹೊತ್ತಿಗೆ ಇಲಿಗಳು ಬಂದವು. ಒಂದು, ಎರಡು, ಆಮೇಲೆ ನಾಲ್ಕೈದು ಒಟ್ಟಿಗೆ. ಎಲ್ಲಕ್ಕಿಂತ ದೊಡ್ಡದು ಬುಟ್ಟಿಯ ಬಳಿ ನಿಂತು ಬಿದಿರ ಸಂದಿಗೆ ಮೂಗು ತೂರಿಸಿತು. ಒಳಗೆ ಹೇಂಟೆ ಗುರುಗುಟ್ಟಿತು, ಮರಿಯೊಂದು ಚಿಂವ್ ಎಂದಿತು. ಅನ್ವಿತಾರ ಕೈ ಕುಡಿಕೆಯ ಗುಂಡಿಯ ಕಡೆ ಚಾಚಿತು. ಸಂಕವ್ವ ಆ ಮುಂಗೈ ಹಿಡಿದು ಕೂರಿಸಿದಳು. ಇಲಿ ಎರಡು ಸಲ ಬಿದಿರು ಕಡಿದು ನೋಡಿತು. ಆಮೇಲೆ ಉಳಿದವುಗಳ ಹಿಂದೆ, ದಿನವೂ ನಡೆದ ದಾರಿಯೆಂಬಂತೆ, ಓಣಿಯ ಕೊನೆಯ ಹಾಳು ಮಗ್ಗದ ಮನೆಯತ್ತ ನಡೆಯಿತು. ಎಡೆ ಇಟ್ಟದ್ದು ಅಲ್ಲಿ.

ಬುಟ್ಟಿ ಎತ್ತಿ ಸಂಕವ್ವ ಎರಡು ಸಲ ಎಣಿಸಿದಳು. ಹನ್ನೊಂದು.

ಅನ್ವಿತಾ ಮಾತ್ರ ಹಾಳು ಮನೆಯ ಕಡೆಯೇ ನೋಡುತ್ತಿದ್ದರು. “ಅಲ್ಲೂ ಒಂದು ಕುಡಿಕೆ ಇಡಸಿದ್ದೆ. ಇಪ್ಪತ್ತು ಅಡಿಗೊಂದು ಇರಬೇಕು ಅಂತ ನಿಯಮ ಇತ್ತು.”

ದಾವಲಸಾಬ ತಲೆ ಕೆರೆದುಕೊಂಡ. “ನೀವ್ ಆಕಡೆ ಹೋಗೂದ ತಡಾ, ನಾವ್ ಈಕಡೆ ತಗದ್ವಿರಿ. ಕಪಾಟಿನ್ಯಾಗ ಐತಿ, ಧೂಳ ಸೈತ ಹತ್ತಿಲ್ಲ.”

“ಅಂದ್ರ ಒಂದೂವರಿ ವರ್ಷದಿಂದ ಅಲ್ಲಿ ಕೂಗೇ ಇಲ್ಲ?”

“ಸಿಟ್ಟಾಗಬ್ಯಾಡ್ರಿ ಬಾಯಾರ,” ಎಂದಳು ಸಂಕವ್ವ. “ಗಂಡನ ಮನ್ಯಾಗೂ ಬೈದು, ತವರ ಮನ್ಯಾಗೂ ಬೈದ್ರ ಹೆಣ್ಣಮಗಳು ಎಲ್ಲಿಗಿ ಹೋಗಬೇಕ್ರಿ? ಬೈಸಿಕೋತ ಒಂದ ಕಡೆ ಕುಂದರತಾಳ. ನಾಕ ದಿನಕ್ಕ ಬೈಗಳ ಕಿವಿಗಿ ಬೀಳೂದ ಬಿಡತಾವ.”

ಅನ್ವಿತಾ ಆ ಮಾತನ್ನು ಬರೆದುಕೊಳ್ಳಲಿಲ್ಲ, ಮರೆಯುವ ಮಾತಾಗಿರಲಿಲ್ಲ ಅದು. ನಾಲ್ಕು ನೂರು ಊರುಗಳಲ್ಲಿ ಅವರು ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ. ಎಲ್ಲ ಕಡೆಯಿಂದಲೂ ‘ಸಾವಿದೆ’ ಎಂದು ಕೇಳಿಸಿಕೊಂಡ ಇಲಿಗಳು ಮೊದಲು ಕಂಗಾಲಾಗಿ ಓಡಿದ್ದವು. ಹೋಗಲು ಜಾಗ ಸಿಗದೆ, ಕೂಗಿನ ನಡುವೆಯೇ ಬದುಕಿ, ಅದು ಸುಳ್ಳೆಂದು ಕಂಡುಕೊಂಡಿದ್ದವು. ಇಲ್ಲಿ ಹಾಗಾಗಿರಲಿಲ್ಲ. ಕೂಗು ಕೇಳಿದರೆ ತಿರುಗಿ ಹೋಗಲು ಒಂದು ಹಾಳು ಮನೆ ಇತ್ತು, ಆದ್ದರಿಂದ ಕೂಗನ್ನು ಪರೀಕ್ಷಿಸುವ ಗರಜೇ ಬಿದ್ದಿರಲಿಲ್ಲ.

ಪ್ರತಿ ಓಣಿಯಲ್ಲೂ ಒಂದು ಜಾಗ ಕೂಗಿಲ್ಲದೆ ಇರಲಿ ಎಂದು ವರದಿ ಬರೆದರು. ಸಭೆಯಲ್ಲಿ ಒಬ್ಬರು ಕೇಳಿದರು, “ಇಲಿಗೂ ಸೈಟು ಕೊಡಬೇಕೆ ಡಾಕ್ಟರೇ?” ಎಲ್ಲರೂ ನಕ್ಕರು, ಅನ್ವಿತಾ ಕೂಡ. ಆದರೂ ಆರು ಊರಿಗೆ ಒಪ್ಪಿಗೆ ಸಿಕ್ಕಿತು.

ಅಂಥ ಒಂದು ಊರಿನ ಸಂತೆಬೀದಿಯಲ್ಲಿ, ಕುಡಿಕೆ ತೆಗೆದು ಇಲಿಗೆ ಬಿಡಬಹುದಾದ ಜಾಗ ಹುಡುಕುತ್ತ ನಡೆದಿದ್ದರು ಅನ್ವಿತಾ. ಕಂಬದ ಮೇಲಿನ ಮೈಕು ಒಂದೇ ಸಮನೆ ಹೇಳುತ್ತಿತ್ತು: ‘ರಸ್ತೆ ಬದಿಯ ವ್ಯಾಪಾರಿಗಳು ಕೂಡಲೇ ತೆರವು ಮಾಡಿ. ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು.’ ಅದರ ಬುಡದಲ್ಲೇ ಒಬ್ಬ ಹೆಂಗಸು ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದಳು. ಅನ್ವಿತಾ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಯವ್ವಾ, ಮೈಕ್ ಕೇಳಸ್ತೈತೇನ?”

ಅವಳು ಕಟ್ಟಿಗೆ ನೀರು ಚಿಮುಕಿಸಿ ಕೆಳಗಿಟ್ಟಳು. “ಮೂರ ವರ್ಷಾತರಿ ಕೇಳಾಕತ್ತು. ಏಳ್ರಿ ಅಂತೈತಿ. ಎಲ್ಲಿಗಿ ಹೋಗ್ರಿ ಅಂತ ಮಾತ್ರ ಇನ್ನೂ ಹೇಳಿಲ್ಲ. ಎಷ್ಟ ಕಟ್ಟ ಕೊಡ್ಲಿ?”