ಒಂದು ಹಿಡಿ ಮರಳು

“ಸಾರ್, ಇಳಿದು ಆ ಪಾಟಿ, ಆ ಅಜ್ಜಿ ಹತ್ರ ಒಂದ್ ಮಾತಾಡ್ಬಿಡಿ. ಶಾಪ ಹಾಕೋಕೆ ಮಣ್ಣು ಬಾಚ್ಕೊಂಡಿದಾಳೆ. ತೂರಿದ್ರೆ, ತೂರಿದ ಕೈಯೇ ವಾಪಸ್ ತಗೋಬೇಕು. ಬೇರೆ ಪರಿಹಾರ ಇಲ್ಲ,” ಎಂದ ಜೀಪಿನ ಡ್ರೈವರ್ ಗುಂಡಣ್ಣ.

ಗುರುಚರಣ ನಕ್ಕ. ತಿರುವೊಟ್ಟಿಯೂರಿನ ಕಡಲ ದಡದಲ್ಲಿ ಹೋಟೆಲು, ದೋಣಿಕಟ್ಟೆ ಕಟ್ಟಲು ಸರ್ಕಾರ ಒಪ್ಪಿಗೆ ಕೊಡಬಹುದೇ ಎಂದು ವರದಿ ಬರೆಯಬೇಕಾದ ಅಧಿಕಾರಿ ಅವನು. ಆ ಕುರ್ಚಿಗೆ ಬಂದು ಮೂರೇ ವಾರ. ಕಡಲ ನೀರು ಎಲ್ಲಿಯವರೆಗೆ ಏರುತ್ತದೆಂದು ಹುಣ್ಣಿಮೆಯಂದು ಅಳೆಯಬೇಕು. ಇವನು ಬಂದದ್ದು ಏಕಾದಶಿಯ ದಿನ, ನಿರಾಹಾರದಲ್ಲಿ, ತಲೆ ಸುತ್ತುತ್ತಾ. ಜೀಪಿನಲ್ಲೇ ಕೂತು ಕಂಡಷ್ಟಕ್ಕೆ ನಕ್ಷೆಯ ಮೇಲೆ ಗೆರೆ ಎಳೆದ. ಬಲೆ ಹರವಿದ್ದ ಮೀನುಗಾರರ ನಲವತ್ತು ಗುಡಿಸಲುಗಳು ಕಣ್ಣೆದುರೇ ಇದ್ದವು. ಬಿಸಿಲಿಗಿಳಿಯಲಾರದೆ ‘ಖಾಲಿ ಮರಳು’ ಎಂದು ಬರೆದ. ವ್ರತ ಕೆಡಲಿಲ್ಲವೆಂಬ ಹೆಮ್ಮೆ ಬೇರೆ.

ಮುದುಕಿ ಜೀಪಿನ ಮುಂದಕ್ಕೆ ಬಂದಳು. ಒಂದು ಹಿಡಿ ಮರಳನ್ನು ಜೀಪಿನ ಕಡೆ ತೂರಿದಳು.

ಮರುದಿನ ದ್ವಾದಶಿಯ ಪಾರಣೆ. ಮೊದಲ ತುತ್ತಿನಲ್ಲೇ ಹಲ್ಲಿಗೆ ಮರಳು ಸಿಕ್ಕಿತು. ಅಕ್ಕಿ ಆರಿಸಿಲ್ಲವೆಂದು ಹೆಂಡತಿ ವಿನೋದಾಳ ಮೇಲೆ ರೇಗಿದ. ಸಂಜೆ ಆರು ವರ್ಷದ ಮಗಳು ಪ್ರೇರಣಾ ಕೆಮ್ಮಿದಳು. ಅಂಗೈಯಲ್ಲಿ ಒದ್ದೆ ಮರಳು. ಮೈಲಾಪೂರಿನ ಆ ಮಡಿವಂತ ಮನೆಯಲ್ಲಿ ಎಷ್ಟು ಊದುಬತ್ತಿ ಹಚ್ಚಿದರೂ ಒಣಮೀನಿನ ವಾಸನೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮಗು ಒಂದೊಂದು ಉಸಿರಿಗೂ ಒದ್ದಾಡತೊಡಗಿತು. ತಪ್ಪು ತನ್ನದೆಂದು ಗುರುಚರಣನಿಗೆ ಗೊತ್ತಿತ್ತು. ಆದರೂ ವರದಿ ಹಿಂತೆಗೆದುಕೊಳ್ಳಲು ನಾಚಿಕೆ, ಮೇಲಿನವರು ಏನೆಂದಾರು? ಹೀಗೇ ಎರಡು ತಿಂಗಳು ಕಳೆದ. ಒಪ್ಪಿಗೆಯ ಆದೇಶ ಹೊರಟೇಹೋಯಿತು.

ಒಂದು ಮಧ್ಯಾಹ್ನ, ಆಸ್ಪತ್ರೆಯ ಹಾಸಿಗೆಯಲ್ಲಿ ಮಗುವಿನ ತುಟಿ ನೀಲಿಯಾಯಿತು.

“ಏನ್ ಮಾಡಿ ಬಂದ್ರಿ ನೀವು? ನಂಗಾದ್ರೂ ಹೇಳಿ,” ಎಂದಳು ವಿನೋದಾ.

ಅವನು ಬಾಗಿಲ ಕಡೆ ತಿರುಗಿದ. ಓಡಿದ.

ಗುಂಡಣ್ಣ ಜೀಪು ಹಾರಿಸಿದ. ದಡ ಬಂತು. ಗುರುಚರಣ ಧುಮುಕಿದ. ಚಪ್ಪಲಿ ಕಳಚಿತು. ಮರಳು ಸುಡುತ್ತಿತ್ತು. ಕಾಲು ಹಿಡಿಯಬೇಕು. ತಪ್ಪಾಯಿತು ಎನ್ನಬೇಕು. ತೂರಿದ್ದನ್ನು ವಾಪಸು ತಗೋ ತಾಯಿ ಎನ್ನಬೇಕು. ಗುಡಿಸಲುಗಳೆಲ್ಲಿ? ಉದ್ದಕ್ಕೂ ತಗಡಿನ ಬೇಲಿ. ಬುಲ್ಡೋಜರಿನ ಗುರುತು. ಸುಟ್ಟ ಬಲೆಯ ನಾತ. ಒಂದು ನಾಯಿಯೂ ಇಲ್ಲ.

ಅಲ್ಲಿದ್ದವರು, ಆ ಮುದುಕಿ ಎಲ್ಲಿಗೆ ಹೋದರೆಂದು ಬೇಲಿಯ ಕಾವಲುಗಾರನನ್ನು ಕೇಳಿದ. ಲಾರಿಗಳಲ್ಲಿ ತುಂಬಿಕೊಂಡು ಹೋದರಂತೆ, ಒಬ್ಬೊಬ್ಬರನ್ನು ಒಂದೊಂದು ಕಡೆಗೆ. ಮುದುಕಿಯ ಹೆಸರೇನು ಹೇಳಿ, ವಿಚಾರಿಸೋಣ ಎಂದ ಅವನು. ಗುರುಚರಣನಿಗೆ ಗೊತ್ತಿರಲಿಲ್ಲ. ಅಲ್ಲಿದ್ದವರ ಹೆಸರು ಬರೆದುಕೊಳ್ಳುವುದು ಅವನದೇ ಕೆಲಸವಾಗಿತ್ತು.

ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ವಿನೋದಾಳ ಫೋನು. ಕಿವಿಗಿಟ್ಟುಕೊಂಡ. ಅವಳು ಬಿಕ್ಕುತ್ತಿದ್ದಳು. ಹಿಂದಿನಿಂದ ಮಗುವಿನ ಕೆಮ್ಮು ಕೇಳಿಸಲಿಲ್ಲ.